ಅತಿವಾಹಕದ ಮೇಲೆ ಅಯಸ್ಕಾಂತ ತೇಲಿಸಿ ತೋರಿಸುವ ಬಗೆ, ಅದರ ಕಾರಣ ಹೇಳುವ ಬಗೆ

ಅತಿವಾಹಕ ಎಂದರೆ ತೀರ ತಣ್ಣಗಾದಾಗ ವಿದ್ಯುತ್ತಿನ ಹರಿವಿಗೆ ಯಾವ ರೋಧವನ್ನೂ ಒಡ್ಡದ ವಸ್ತು. ಅಂಥ ವಸ್ತುವಿನ ತಣ್ಣಗಾದ ಕಪ್ಪು ಬಿಲ್ಲೆಯೊಂದರ ಮೇಲೆ ಪುಟ್ಟ ಅಯಸ್ಕಾಂತ ಯಾವ ಆಸರೆಯೂ ಇಲ್ಲದೆ ನಿಂತಿರುವುದನ್ನು ತೋರಿಸುವುದು ಸುಲಭ. ಅದು ಏಕೆ ನಿಂತಿದೆ ಎಂಬುದನ್ನು ಸರಿಯಾಗಿ ಹೇಳುವುದು ಅಷ್ಟು ಸುಲಭವಲ್ಲ. ವಿಜಯಪುರದಲ್ಲಿ ಪದವಿಪೂರ್ವ ವಿದ್ಯಾರ್ಥಿಗಳ ಮುಂದೆ ಈ ಪ್ರಯೋಗವನ್ನು ಮೊದಲ ಬಾರಿ ಮಾಡಿದಾಗ, ಅತಿವಾಹಕವು ಅಯಸ್ಕಾಂತವನ್ನು ದೂಡುತ್ತದೆ, ಆದ್ದರಿಂದ ಅದು ತೇಲುತ್ತದೆ ಎಂದು ಹೇಳಿ ನಾನು ವಿವರಣೆ ಮುಗಿಸಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಸರ್, ಬರೇ ದೂಡಾಕತ್ತಿದ್ರ ಅದು ಬಾಜೂಕ ಜಾರಿ ಬೀಳಬೇಕಿತ್ತಲ್ರೀ? ಅಲ್ಲೇ ಯಾಕ ನಿಂತೈತ್ರೀ?" ಎಂದು ಕೇಳಿದ. ಅವನ ಪ್ರಶ್ನೆ ಸರಿಯಾಗಿತ್ತು, ನನ್ನ ವಿವರಣೆ ಅರ್ಧದಷ್ಟೇ ಆಗಿತ್ತು. ತೇಲುವುದಕ್ಕೆ ಒಂದು ಕಾರಣ, ತೇಲಿದಲ್ಲೇ ನೆಲೆ ನಿಲ್ಲುವುದಕ್ಕೆ ಇನ್ನೊಂದು ಕಾರಣ. ಎರಡನ್ನೂ ಬಿಡಿಸಿ ಕಾಣಿಸುವಂತೆ ಪ್ರಯೋಗವನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ನಮ್ಮ ಭಾಗದ ಶಿಕ್ಷಕರಿಗೂ ಆಸಕ್ತ ವಿದ್ಯಾರ್ಥಿಗಳಿಗೂ ಉಪಯೋಗವಾಗುವಂತೆ ಇಲ್ಲಿ ಬರೆಯುತ್ತಿದ್ದೇನೆ.

ಬೇಕಾದ ಸಾಮಾನುಗಳಲ್ಲಿ ಮುಖ್ಯವಾದುದು ಬಿಲ್ಲೆ. ಇದು ಯಿಟ್ರಿಯಂ, ಬೇರಿಯಂ ಮತ್ತು ತಾಮ್ರ 1:2:3ರ ಪ್ರಮಾಣದಲ್ಲಿ ಆಮ್ಲಜನಕದೊಡನೆ ಸೇರಿದ ಒಂದು ಪಿಂಗಾಣಿಯಂಥ ವಸ್ತು. ಪುಡಿಯನ್ನು ಒತ್ತಿ ಸುಟ್ಟು ಮಾಡಿದ ಬಿಲ್ಲೆಗಳೂ ಸಿಗುತ್ತವೆ, ಕರಗಿಸಿ ನಿಧಾನವಾಗಿ ಹರಳುಗಟ್ಟಿಸಿದ ಬಿಲ್ಲೆಗಳೂ ಸಿಗುತ್ತವೆ. ಮೊದಲ ಬಗೆಯದು ಅಗ್ಗ, ಆದರೆ ಅದರ ಕಣಗಳ ನಡುವೆ ವಿದ್ಯುತ್ ಸರಾಗವಾಗಿ ಹರಿಯುವುದಿಲ್ಲ. ಎರಡನೆಯದು ದುಬಾರಿ, ಆದರೆ ಮುಂದೆ ಹೇಳುವ ಮೂರನೆಯ ಪ್ರಯೋಗ ಅದರಲ್ಲಿ ಮಾತ್ರ ಚೆನ್ನಾಗಿ ಬರುತ್ತದೆ. ಸಾಧ್ಯವಾದರೆ ಎರಡನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. ಬಿಲ್ಲೆಯನ್ನು ಕಾಲೇಜಿನಲ್ಲೇ ತಯಾರಿಸುವ ಉತ್ಸಾಹ ಕೆಲವರಿಗೆ ಬರುತ್ತದೆ. ಅದಕ್ಕೆ ಬೇಕಾಗುವ ಬೇರಿಯಂ ಕಾರ್ಬೊನೇಟ್ ವಿಷ, ಕುಲುಮೆಯು 900 ಡಿಗ್ರಿ ಸೆಲ್ಸಿಯಸ್ ದಾಟಬೇಕು, ತಣಿಸುವಾಗ ಆಮ್ಲಜನಕ ಹರಿಸಬೇಕು. ಹೀಗಾಗಿ ಸಿದ್ಧ ಬಿಲ್ಲೆಯನ್ನು ಕೊಳ್ಳುವುದೇ ಮೇಲು. ಇದರೊಡನೆ ಸುಮಾರು 10 ಮಿ.ಮೀ. ಅಡ್ಡಳತೆ, 3 ಮಿ.ಮೀ. ದಪ್ಪದ ದುಂಡನೆಯ ನಿಯೋಡಿಮಿಯಂ ಅಯಸ್ಕಾಂತ, ಅಷ್ಟೇ ಗಾತ್ರದ ಚೌಕಾಕಾರದ ಇನ್ನೊಂದು, ದಪ್ಪ ಥರ್ಮೋಕೋಲ್ ತುಂಡಿನಲ್ಲಿ ಕೊರೆದ ಬಟ್ಟಲು, ಮರದ ಅಥವಾ ಪ್ಲಾಸ್ಟಿಕ್‌ನ ಚಿಮಟ ಬೇಕು. ಉಕ್ಕಿನ ಚಿಮಟವನ್ನು ಅಯಸ್ಕಾಂತ ತಾನೇ ಹಿಡಿದುಕೊಳ್ಳುವುದರಿಂದ ಅದು ಪ್ರಯೋಜನಕ್ಕೆ ಬಾರದು.

ತಣಿಸಲು ದ್ರವ ಸಾರಜನಕ ಬೇಕು. ನಮ್ಮ ಹಳ್ಳಿಗಳ ಮಕ್ಕಳಿಗೆ ಇದು ಹೊಸ ವಸ್ತುವಲ್ಲ: ಎಮ್ಮೆಗೋ ಆಕಳಿಗೋ ಕೃತಕ ಗರ್ಭಧಾರಣೆ ಮಾಡಲು ಪಶುವೈದ್ಯರು ಬಂದಾಗ, ಮುಚ್ಚಳ ತೆಗೆದ ಕೂಡಲೇ ಬಿಳಿ ಹೊಗೆಯುಗುಳುವ ಅವರ ಕಂಟೇನರಿನಲ್ಲಿ ವೀರ್ಯದ ಕಡ್ಡಿಗಳನ್ನು ಕಾಪಾಡುವುದು ಇದೇ ದ್ರವ. ಪಾಠವನ್ನು ಇಲ್ಲಿಂದ ಆರಂಭಿಸಿದರೆ ತರಗತಿ ಕೂಡಲೇ ಹತ್ತಿರ ಬರುತ್ತದೆ. ಆದರೆ ಪಶು ಆಸ್ಪತ್ರೆಯ ದಾಸ್ತಾನನ್ನು ಪ್ರದರ್ಶನಕ್ಕೆಂದು ಕೇಳಬಾರದು. ಅಲ್ಲಿ ದ್ರವದ ಮಟ್ಟ ಇಳಿದರೆ ರೈತರ ಕೆಲಸ ಕೆಡುತ್ತದೆ. ಕೈಗಾರಿಕಾ ಅನಿಲ ಪೂರೈಸುವವರಿಂದ ಸರಿಯಾದ ಪಾತ್ರೆಯಲ್ಲಿ ತರಿಸಿಕೊಳ್ಳಬೇಕು. ಚಿಕ್ಕ ಬಿಲ್ಲೆಗೆ ಒಂದು ಲೀಟರ್ ಧಾರಾಳವಾಗಿ ಸಾಕು, ದಾರಿಯಲ್ಲಿ ಆವಿಯಾಗಿ ಹೋಗುವುದನ್ನು ಲೆಕ್ಕಕ್ಕೆ ಹಿಡಿದು ಎರಡು ಲೀಟರ್ ಇರಲಿ.

ಸಾಧಾರಣ ಒತ್ತಡದಲ್ಲಿ ಈ ದ್ರವ 77 ಕೆಲ್ವಿನ್, ಅಂದರೆ ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ ಕುದಿಯುತ್ತದೆ. ನಮ್ಮ ಬಿಲ್ಲೆ ಅತಿವಾಹಕವಾಗುವುದು ಸುಮಾರು 92 ಕೆಲ್ವಿನ್‌ಗಿಂತ ಕೆಳಗೆ. ಈ ಎರಡು ಸಂಖ್ಯೆಗಳ ನಡುವಿನ 15 ಡಿಗ್ರಿಯ ಅಂತರವೇ ತಾಲ್ಲೂಕು ಕೇಂದ್ರದ ಕಾಲೇಜಿನಲ್ಲೂ ಈ ಪ್ರಯೋಗವನ್ನು ಸಾಧ್ಯವಾಗಿಸಿದೆ. 1911ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಹೈಕ್ ಕ್ಯಾಮರ್ಲಿಂಗ್ ಓನ್ನೆಸ್ ಪಾದರಸದ ವಿದ್ಯುತ್ ರೋಧ ಮಾಯವಾಗುವುದನ್ನು ಕಂಡಾಗ ತಾಪ ಸುಮಾರು 4.2 ಕೆಲ್ವಿನ್ ಇತ್ತು, ಅದಕ್ಕೆ ದ್ರವ ಹೀಲಿಯಂ ಬೇಕಾಗಿತ್ತು. 1986ರಲ್ಲಿ ಬೆಡ್ನಾರ್ಜ್ ಮತ್ತು ಮ್ಯುಲ್ಲರ್ ತಾಮ್ರದ ಆಕ್ಸೈಡ್‌ಗಳಲ್ಲಿ ಇನ್ನೂ ಹೆಚ್ಚಿನ ತಾಪದ ಅತಿವಾಹಕತೆಯನ್ನು ತೋರಿಸಿದರು. 1987ರಲ್ಲಿ ಯಿಟ್ರಿಯಂನ ಈ ಸಂಯುಕ್ತ ಸಾರಜನಕದ ಗೆರೆಯನ್ನು ದಾಟಿತು.

ಸುರಕ್ಷತೆಯ ವಿಷಯದಲ್ಲಿ ಸಂಕೋಚವಿಲ್ಲದೆ ಕಟ್ಟುನಿಟ್ಟಾಗಿರಬೇಕು. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲವಾಗುತ್ತದೆ. ಆದ್ದರಿಂದ ಅದನ್ನು ಥರ್ಮಾಸ್ ಫ್ಲಾಸ್ಕಿನಲ್ಲೋ ಬಾಟಲಿಯಲ್ಲೋ ಹಾಕಿ ಬಿರಡೆ ಬಿಗಿದರೆ ಅದು ಸಿಡಿಯುತ್ತದೆ. ಮೂರು ಮೀಟರ್ ಉದ್ದ, ಅಗಲ, ಎತ್ತರದ ಮುಚ್ಚಿದ ಕೋಣೆಯಲ್ಲಿ ಹತ್ತು ಲೀಟರ್ ಚೆಲ್ಲಿದರೆ ಗಾಳಿಯಲ್ಲಿನ ಆಮ್ಲಜನಕ ಶೇಕಡಾ 21ರಿಂದ ಸುಮಾರು 16ಕ್ಕೆ ಇಳಿಯುತ್ತದೆ, ಅದು ಅಪಾಯದ ಮಟ್ಟ. ಸಾರಜನಕಕ್ಕೆ ವಾಸನೆ ಇಲ್ಲದಿರುವುದರಿಂದ ಮುನ್ಸೂಚನೆಯೂ ಸಿಗದು. ಕಿಟಕಿ ಬಾಗಿಲುಗಳೆಲ್ಲ ತೆರೆದಿರಲಿ. ಗಾಜು ಮುಚ್ಚಿದ ಕಾರಿನಲ್ಲಿ ಪಾತ್ರೆಯನ್ನು ಸಾಗಿಸಬಾರದು. ಕಣ್ಣಿಗೆ ರಕ್ಷಣೆಯ ಕನ್ನಡಕ, ಕೈಗೆ ಸಡಿಲವಾದ ಒಣ ಕೈಗವಸು, ಕಾಲಿಗೆ ಚಪ್ಪಲಿಯ ಬದಲು ಮುಚ್ಚಿದ ಬೂಟು ಇರಬೇಕು. ಒಂದೆರಡು ಹನಿ ಚರ್ಮದ ಮೇಲೆ ಬಿದ್ದರೆ ಉರುಳಿ ಹೋಗಬಹುದು, ಆದರೆ ಬಟ್ಟೆಯಲ್ಲಿ ಇಂಗಿದ ದ್ರವ ಚರ್ಮಕ್ಕೆ ಅಂಟಿಕೊಂಡು ಬೆಂಕಿಯಷ್ಟೇ ಆಳವಾಗಿ ಸುಡುತ್ತದೆ. ನಿಯೋಡಿಮಿಯಂ ಅಯಸ್ಕಾಂತಗಳನ್ನು ಚಿಕ್ಕ ಮಕ್ಕಳ ಕೈಗೆ ಕೊಡಬಾರದು. ನುಂಗಿದ ಎರಡು ಅಯಸ್ಕಾಂತಗಳು ಕರುಳನ್ನು ನಡುವೆ ಹಿಡಿದು ತೂತು ಮಾಡಬಲ್ಲವು.

ತಣಿಸುವ ಮೊದಲು ಒಂದು ಮುನ್ನುಡಿಯ ಪ್ರಯೋಗ ಮಾಡುವುದು ಬಹಳ ಉಪಯುಕ್ತ. ಎ.ಸಿ. ದುರಸ್ತಿ ಮಾಡುವವರ ಬಳಿ ಸಿಗುವ ತಾಮ್ರದ ಕೊಳವೆಯ ಒಂದು ಮೀಟರ್ ತುಂಡನ್ನು ನೆಟ್ಟಗೆ ಹಿಡಿದು, ಅದರೊಳಗೆ ಸಡಿಲವಾಗಿ ಇಳಿಯುವಂಥ ಚಿಕ್ಕ ಅಯಸ್ಕಾಂತವನ್ನು ಬಿಡಬೇಕು. ತಾಮ್ರವನ್ನು ಅಯಸ್ಕಾಂತ ಸೆಳೆಯುವುದಿಲ್ಲ, ಆದರೂ ಅದು ಬೀಳುವುದು ಬಹಳ ನಿಧಾನ. ಬೀಳುತ್ತಿರುವ ಅಯಸ್ಕಾಂತದ ಕ್ಷೇತ್ರ ಬದಲಾಗುವುದರಿಂದ ಕೊಳವೆಯಲ್ಲಿ ವಿದ್ಯುತ್ ಪ್ರೇರಿತವಾಗುತ್ತದೆ, ಆ ವಿದ್ಯುತ್ ಬದಲಾವಣೆಯನ್ನು ವಿರೋಧಿಸುತ್ತದೆ. ಆಲಮಟ್ಟಿಯ ವಿದ್ಯುದಾಗಾರದ ಜನರೇಟರ್‌ಗಳಲ್ಲಿ ನಡೆಯುವುದೂ ಇದೇ ಪ್ರೇರಣೆ. ಹಾಗಾದರೆ ಅಯಸ್ಕಾಂತ ಕೊಳವೆಯಲ್ಲಿ ಏಕೆ ನಿಂತೇ ಬಿಡುವುದಿಲ್ಲ ಎಂದು ವಿದ್ಯಾರ್ಥಿಗಳನ್ನು ಕೇಳಬೇಕು. ತಾಮ್ರಕ್ಕೆ ರೋಧವಿದೆ, ಪ್ರೇರಿತ ವಿದ್ಯುತ್ ಕ್ಷಣಾರ್ಧದಲ್ಲಿ ಬಿಸಿಯಾಗಿ ಕರಗಿಹೋಗುತ್ತದೆ, ಅಯಸ್ಕಾಂತ ಚಲಿಸುತ್ತಿದ್ದರೆ ಮಾತ್ರ ಅದು ಮತ್ತೆ ಹುಟ್ಟುತ್ತದೆ. ರೋಧವೇ ಇಲ್ಲದಿದ್ದರೆ ಏನಾದೀತು ಎಂಬ ಪ್ರಶ್ನೆಯನ್ನು ಇಲ್ಲಿ ಬಿಟ್ಟು ಬಟ್ಟಲಿಗೆ ದ್ರವ ಸುರಿಯಬಹುದು.

ಮೊದಲನೆಯ ಪ್ರಯೋಗದಲ್ಲಿ ಅಯಸ್ಕಾಂತವನ್ನು ದೂರವಿಟ್ಟು ಬಿಲ್ಲೆಯನ್ನು ಮಾತ್ರ ತಣಿಸಬೇಕು. ಸಾರಜನಕವನ್ನು ಸ್ವಲ್ಪ ಸ್ವಲ್ಪವೇ ಸುರಿಯಿರಿ. ಒಮ್ಮೆಲೇ ಸುರಿದರೆ ಬಿಲ್ಲೆ ಬಿರುಕು ಬಿಡಬಹುದು. ಆರಂಭದಲ್ಲಿ ದ್ರವ ಜೋರಾಗಿ ಕುದಿಯುತ್ತದೆ, ಬಿಲ್ಲೆ ಅದರ ತಾಪಕ್ಕೆ ಇಳಿದ ಮೇಲೆ ಕುದಿತ ತಗ್ಗುತ್ತದೆ. ಆಗ ಅಯಸ್ಕಾಂತವನ್ನು ಚಿಮಟದಲ್ಲಿ ಹಿಡಿದು ಮೇಲಿನಿಂದ ನಿಧಾನವಾಗಿ ಇಳಿಸಿ ಬಿಟ್ಟರೆ ಅದು ಕೆಲವು ಮಿಲಿಮೀಟರ್ ಎತ್ತರದಲ್ಲಿ ನಿಲ್ಲುತ್ತದೆ. ತಾಮ್ರದ ಕೊಳವೆಯಲ್ಲಿ ಹುಟ್ಟಿ ಸತ್ತ ವಿದ್ಯುತ್ ಇಲ್ಲಿ ಬಿಲ್ಲೆಯ ಮೇಲ್ಪದರದಲ್ಲಿ ಹುಟ್ಟಿ ಸಾಯದೆ ಹರಿಯುತ್ತಿರುತ್ತದೆ. ಅದು ಹುಟ್ಟಿಸುವ ಕ್ಷೇತ್ರ ಅಯಸ್ಕಾಂತದ ಕ್ಷೇತ್ರಕ್ಕೆ ಎದುರಾಗಿರುವುದರಿಂದ, ಬಿಲ್ಲೆಯೊಳಗೆ ಇನ್ನೊಂದು ಅಯಸ್ಕಾಂತ ಮುಖಾಮುಖಿಯಾಗಿ ಕುಳಿತು ತಳ್ಳುತ್ತಿರುವಂತಾಗುತ್ತದೆ.

ಇಷ್ಟು ಚಿಕ್ಕ ಬಿಲ್ಲೆ ಅಷ್ಟು ಭಾರ ಹೊತ್ತೀತೆ ಎಂಬ ಸಂಶಯವನ್ನು ಲೆಕ್ಕ ಹಾಕಿ ತೀರಿಸಬೇಕು. ಕ್ಷೇತ್ರ ಒಳಹೋಗದ ಮೇಲ್ಮೈಯ ಮೇಲೆ 0.1 ಟೆಸ್ಲಾದ (ಟೆಸ್ಲಾ ಎಂಬುದು ಕಾಂತಕ್ಷೇತ್ರವನ್ನು ಅಳೆಯುವ ಮಾನ) ಕ್ಷೇತ್ರವು ಸುಮಾರು 4000 ಪ್ಯಾಸ್ಕಲ್ ಒತ್ತಡ ಹಾಕುತ್ತದೆ, ಅಂದರೆ ಪ್ರತಿ ಚದರ ಸೆಂ.ಮೀ.ಗೆ ಸುಮಾರು 40 ಗ್ರಾಂ ತೂಕವನ್ನು ಎತ್ತುವಷ್ಟು. ನಮ್ಮ ಅಯಸ್ಕಾಂತದ ತೂಕ ಎರಡು ಗ್ರಾಂಗಿಂತ ಕಡಿಮೆ. ಆದ್ದರಿಂದ ಕ್ಷೇತ್ರ ಇನ್ನೂ ಬಹಳ ದುರ್ಬಲವಾಗಿರುವ ಎತ್ತರದಲ್ಲೇ ತಳ್ಳುವ ಬಲ ಅದರ ತೂಕಕ್ಕೆ ಸಮನಾಗುತ್ತದೆ.

ಇಲ್ಲಿ ನಿಲ್ಲಿಸಿದರೆ ವಿದ್ಯಾರ್ಥಿಗಳು ಅತಿವಾಹಕವನ್ನು ರೋಧವಿಲ್ಲದ ತಾಮ್ರ ಎಂದುಕೊಂಡು ಮನೆಗೆ ಹೋಗುತ್ತಾರೆ. ಹಾಗಲ್ಲ ಎಂಬುದನ್ನು ಎರಡನೆಯ ಪ್ರಯೋಗ ತೋರಿಸುತ್ತದೆ. ಬಿಲ್ಲೆಯನ್ನು ಪೂರ್ತಿ ಬೆಚ್ಚಗಾಗಲು ಬಿಟ್ಟು, ಒರೆಸಿ ಒಣಗಿಸಿ, ಈ ಸಲ ಅಯಸ್ಕಾಂತವನ್ನು ಬಿಲ್ಲೆಯ ಮೇಲೆಯೇ ಕೂರಿಸಿ ಆಮೇಲೆ ತಣಿಸಬೇಕು. ಯಾವುದೂ ಚಲಿಸುತ್ತಿಲ್ಲ, ಕ್ಷೇತ್ರ ಬದಲಾಗುತ್ತಿಲ್ಲ, ಆದ್ದರಿಂದ ಬರೀ ರೋಧವಿಲ್ಲದ ಲೋಹವಾಗಿದ್ದರೆ ಅದರಲ್ಲಿ ವಿದ್ಯುತ್ ಹುಟ್ಟಲು ಕಾರಣವೇ ಇಲ್ಲ. ಅಯಸ್ಕಾಂತ ಕೂತಲ್ಲೇ ಕೂತಿರಬೇಕು. ಆದರೆ ಸುಟ್ಟು ಮಾಡಿದ ಬಿಲ್ಲೆಯ ಮೇಲೆ ಹಗುರ ಅಯಸ್ಕಾಂತವಿಟ್ಟು ನೋಡಿದರೆ, ಬಿಲ್ಲೆ ಅತಿವಾಹಕವಾಗುವ ತಾಪಕ್ಕಿಂತ ಕೆಳಗಿಳಿಯುತ್ತಿದ್ದಂತೆ ಅದು ತಾನಾಗಿಯೇ ಅಲುಗಿ ಮೇಲೇಳುತ್ತದೆ. ನನ್ನ ಮಟ್ಟಿಗೆ ಇಡೀ ಪ್ರದರ್ಶನದಲ್ಲಿ ಇದೇ ಅತ್ಯಂತ ಮುಖ್ಯ ಗಳಿಗೆ, ಮಕ್ಕಳನ್ನು ಸುತ್ತ ನಿಲ್ಲಿಸಿ ಮೌನವಾಗಿ ನೋಡಿಸಬೇಕು. ಒಳಗಿದ್ದ ಕಾಂತಕ್ಷೇತ್ರವನ್ನು ಅತಿವಾಹಕ ತಾನೇ ಹೊರಹಾಕಿತು. 1933ರಲ್ಲಿ ಬರ್ಲಿನ್‌ನಲ್ಲಿ ವಾಲ್ಟರ್ ಮೈಸ್ನರ್ ಮತ್ತು ರಾಬರ್ಟ್ ಓಕ್ಸೆನ್‌ಫೆಲ್ಡ್ ಸೀಸ ಮತ್ತು ತವರಗಳಲ್ಲಿ ಕಂಡುಕೊಂಡದ್ದು ಇದನ್ನೇ. ಅತಿವಾಹಕತೆ ಎಂದರೆ ರೋಧ ಸೊನ್ನೆಯಾಗುವುದು ಮಾತ್ರವಲ್ಲ, ನೀರು ಹಿಮಗಟ್ಟುವಂತೆ ವಸ್ತು ಬೇರೊಂದು ಸ್ಥಿತಿಗೇ ಬದಲಾಗುವುದು ಎಂಬುದಕ್ಕೆ ಇದು ಸಾಕ್ಷಿ.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಬರೀ ದೂಡುವುದಾದರೆ ಅಯಸ್ಕಾಂತ ಪಕ್ಕಕ್ಕೆ ಜಾರಲೇಬೇಕು. ಸಪಾಟಾದ ನೆಲದ ಮೇಲೆ ಗೋಲಿ ನಿಂತಂತೆ ಅದರ ನಿಲುವು. ಕ್ಷೇತ್ರವನ್ನು ಪೂರ್ತಿ ಹೊರಹಾಕುವ ಸೀಸದಂಥ ಅತಿವಾಹಕದಲ್ಲಿ ಇದು ನಿಜವಾದ ತೊಡಕು. 1947ರಲ್ಲಿ ತೇಲುವ ಅಯಸ್ಕಾಂತದ ಬಗ್ಗೆ ಬರೆದ ರಷ್ಯದ ವಿಜ್ಞಾನಿ ಅರ್ಕಾಡಿಯೆವ್ ಸೀಸವನ್ನು ಬಟ್ಟಲಿನಂತೆ ತಗ್ಗಾಗಿ ಮಾಡಿ ಅದರ ಮೇಲೆ ಅಯಸ್ಕಾಂತವನ್ನು ತೇಲಿಸಿದ್ದರು. ನಮ್ಮ ಬಿಲ್ಲೆಯಾದರೋ ಸಪಾಟಾಗಿದೆ. ಆದರೂ ಮೇಲೆ ತೇಲುವ ಅಯಸ್ಕಾಂತವನ್ನು ಮರದ ಕಡ್ಡಿಯಿಂದ ಮೆಲ್ಲಗೆ ಪಕ್ಕಕ್ಕೆ ತಳ್ಳಿ ಬಿಟ್ಟರೆ ಅದು ಹಿಂದಿರುಗುತ್ತದೆ. ಕೆಳಕ್ಕೆ ಒತ್ತಿ ಬಿಟ್ಟರೆ ಮೊದಲಿನ ಎತ್ತರಕ್ಕೆ ಪೂರ್ತಿ ಏರದೆ ಸ್ವಲ್ಪ ಕೆಳಗೇ ನಿಲ್ಲುತ್ತದೆ. ಬರೀ ತಳ್ಳುವ ಬಲದಿಂದ ಇದನ್ನು ವಿವರಿಸಲಾಗದು. ಒತ್ತಿದಾಗ ಬಿಲ್ಲೆಯೊಳಗೆ ಏನೋ ಹೊಕ್ಕಿದೆ, ಹೊಕ್ಕದ್ದು ಅಲ್ಲೇ ಸಿಕ್ಕಿಬಿದ್ದಿದೆ.

ಹೊಕ್ಕದ್ದು ಕಾಂತಕ್ಷೇತ್ರವೇ. ಯಿಟ್ರಿಯಂನ ಈ ಸಂಯುಕ್ತ ಎರಡನೆಯ ಬಗೆಯ ಅತಿವಾಹಕ: ಕ್ಷೇತ್ರ ಬಹಳ ಕಡಿಮೆಯಿದ್ದಾಗ ಮಾತ್ರ ಅದು ಪೂರ್ತಿ ಹೊರಹಾಕುತ್ತದೆ, ಅದಕ್ಕಿಂತ ಹೆಚ್ಚಾದರೆ ಕ್ಷೇತ್ರವನ್ನು ಅತಿ ಸಣ್ಣ ಎಳೆಗಳಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಪ್ರತಿ ಎಳೆಯ ಸುತ್ತ ವಿದ್ಯುತ್ ಹೊಳೆಯ ಸುಳಿಯಂತೆ ತಿರುಗುತ್ತಿರುತ್ತದೆ, ಎಳೆಯ ನಡುವೆ ಮಾತ್ರ ಅತಿವಾಹಕತೆ ಇರುವುದಿಲ್ಲ. ಅಲೆಕ್ಸಿ ಅಬ್ರಿಕೊಸೊವ್ 1957ರಲ್ಲಿ ಇದನ್ನು ಸಿದ್ಧಾಂತವಾಗಿ ಮಂಡಿಸಿದರು, 2003ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಎಲ್ಲ ಎಳೆಗಳೂ ಹೊರುವ ಕಾಂತೀಯ ಪ್ರಮಾಣ ಒಂದೇ, ಅದು ಎಷ್ಟು ಚಿಕ್ಕದೆಂದರೆ 0.1 ಟೆಸ್ಲಾದ ಕ್ಷೇತ್ರದಲ್ಲಿ ಬಿಲ್ಲೆಯ ಒಂದು ಚದರ ಮಿಲಿಮೀಟರಿನಲ್ಲಿ ಸುಮಾರು 4.8 ಕೋಟಿ ಎಳೆಗಳು ನಿಂತಿರುತ್ತವೆ.

ಈ ಎಳೆಗಳು ಕಳಂಕವಿಲ್ಲದ ಹರಳಿನಲ್ಲಿ ಸರಾಗವಾಗಿ ಜರುಗುತ್ತಿದ್ದವು. ಆದರೆ ಬಿಲ್ಲೆಯಲ್ಲಿ ದೋಷಗಳಿವೆ, ಅತಿವಾಹಕವಲ್ಲದ ಬೇರೆ ಸಂಯುಕ್ತದ ಸೂಕ್ಷ್ಮ ಕಣಗಳಿವೆ. ಎಳೆಯ ನಡುಭಾಗ ಅಂಥ ಜಾಗದಲ್ಲಿ ಕುಳಿತರೆ ಶಕ್ತಿ ಉಳಿಯುವುದರಿಂದ ಅದು ಅಲ್ಲೇ ಕಚ್ಚಿಕೊಳ್ಳುತ್ತದೆ. ಜಾಲಿ ಬೇಲಿಗೆ ಸಿಕ್ಕ ಧೋತರದ ಅಂಚನ್ನು ನೆನಪಿಸಿಕೊಳ್ಳಿ: ಒಂದೊಂದು ಮುಳ್ಳಿನ ಹಿಡಿತ ಅಲ್ಪ, ಆದರೆ ನೂರು ಮುಳ್ಳುಗಳು ಒಟ್ಟಿಗೆ ಹಿಡಿದಾಗ ಮುಂದಕ್ಕೂ ಬಾರದು, ಹಿಂದಕ್ಕೂ ಹೋಗದು. ಕರಗಿಸಿ ಬೆಳೆಸಿದ ಬಿಲ್ಲೆಗಳಲ್ಲಿ ಈ ಮುಳ್ಳುಗಳನ್ನು ಬೇಕೆಂದೇ ಸೇರಿಸಿರುತ್ತಾರೆ. ವಸ್ತುವಿನ ದೋಷವೇ ಇಲ್ಲಿ ಗುಣವಾಗುವುದನ್ನು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕು, ಏಕೆಂದರೆ ಪಠ್ಯಪುಸ್ತಕ ಓದಿದವರು ಶುದ್ಧವಾದಷ್ಟೂ ಒಳ್ಳೆಯದೆಂದು ನಂಬಿರುತ್ತಾರೆ.

ಮೂರನೆಯ ಪ್ರಯೋಗ ಈ ಹಿಡಿತವನ್ನು ಬರಿಗಣ್ಣಿಗೆ ತೋರಿಸುತ್ತದೆ. ಬೆಚ್ಚಗಿನ ಬಿಲ್ಲೆಯ ಮೇಲೆ ಐದಾರು ಮಿಲಿಮೀಟರ್ ದಪ್ಪದ ಮರದ ಚೂರನ್ನೋ ಮಡಿಸಿದ ರಟ್ಟನ್ನೋ ಇಟ್ಟು, ಅದರ ಮೇಲೆ ಅಯಸ್ಕಾಂತವನ್ನಿಟ್ಟು, ಈ ಜೋಡಿಯನ್ನು ಹಾಗೆಯೇ ತಣಿಸಿ. ತಣಿದ ಮೇಲೆ ನಡುವಿನ ಚೂರನ್ನು ಚಿಮಟದಿಂದ ಎಳೆದು ತೆಗೆದರೆ ಅಯಸ್ಕಾಂತ ಅದೇ ಅಂತರದಲ್ಲಿ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಇನ್ನು ಅಯಸ್ಕಾಂತವನ್ನು ಹಿಡಿದು ಮೇಲೆತ್ತಿ. ಹರಳುಗಟ್ಟಿಸಿದ ಒಳ್ಳೆಯ ಬಿಲ್ಲೆಯಾಗಿದ್ದು ಅಯಸ್ಕಾಂತ ಸಾಕಷ್ಟು ದೊಡ್ಡದಿದ್ದರೆ, ಮುಟ್ಟದೆಯೇ ಬಿಲ್ಲೆ ಅದರ ಹಿಂದೆ ಮೇಲೇಳುತ್ತದೆ. ದೂಡುವ ವಸ್ತು ಈಗ ಎಳೆಯುತ್ತಿದೆ. ಹತ್ತಿರ ತಂದರೆ ದೂಡುತ್ತದೆ, ದೂರ ಒಯ್ದರೆ ಸೆಳೆಯುತ್ತದೆ, ಪಕ್ಕಕ್ಕೆ ಸರಿಸಿದರೆ ಹಿಂದಕ್ಕೆ ತರುತ್ತದೆ, ಏಕೆಂದರೆ ತಣಿಯುವ ಗಳಿಗೆಯಲ್ಲಿ ಒಳಗಿದ್ದ ಕ್ಷೇತ್ರದ ವಿನ್ಯಾಸವನ್ನೇ ಅದು ಕಾಯ್ದುಕೊಂಡಿದೆ.

ದುಂಡನೆಯ ಅಯಸ್ಕಾಂತವನ್ನು ತೇಲಿಸಿ ಕಡ್ಡಿಯಿಂದ ಅಂಚಿಗೆ ತಾಕಿಸಿದರೆ ಅದು ಬುಗುರಿಯಂತೆ ಬಹಳ ಹೊತ್ತು ತಿರುಗುತ್ತದೆ. ಚೌಕಾಕಾರದ್ದು ತಿರುಗದೆ ಸ್ವಲ್ಪ ಹೊರಳಿ ಮೊದಲಿನ ನಿಲುವಿಗೆ ಬರುತ್ತದೆ. ದುಂಡನೆಯದು ತನ್ನ ಅಕ್ಷದ ಸುತ್ತ ತಿರುಗಿದಾಗ ಬಿಲ್ಲೆಯ ಮೇಲಿನ ಕ್ಷೇತ್ರ ಬದಲಾಗುವುದಿಲ್ಲ, ಸಿಕ್ಕಿಕೊಂಡ ಎಳೆಗಳಿಗೆ ಏನೂ ತಿಳಿಯುವುದಿಲ್ಲ. ಚೌಕ ತಿರುಗಿದರೆ ಮೂಲೆಗಳ ಕ್ಷೇತ್ರ ಜರುಗಬೇಕಾಗುತ್ತದೆ, ಎಳೆಗಳು ಬಿಡುವುದಿಲ್ಲ. ಹಿಡಿತ ಇರುವುದು ಅಯಸ್ಕಾಂತದ ಮೇಲಲ್ಲ, ಅದರ ಕ್ಷೇತ್ರದ ಮೇಲೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ನನಗೆ ಗೊತ್ತಿಲ್ಲ.

ಪ್ರದರ್ಶನದಲ್ಲಿ ಎರಡು ಮಾತು ಬಂದೇ ಬರುತ್ತವೆ. ಒಂದು, ಇಲ್ಲಿ ಗುರುತ್ವಾಕರ್ಷಣೆ ಇಲ್ಲವಾಗಿದೆ ಎಂಬುದು. ಬಂಗಾರದ ಅಂಗಡಿಯಲ್ಲಿರುವಂಥ ಚಿಕ್ಕ ಡಿಜಿಟಲ್ ತಕ್ಕಡಿಯ ಮೇಲೆ ದಪ್ಪ ಥರ್ಮೋಕೋಲ್ ಇಟ್ಟು, ಅದರ ಮೇಲೆ ಬಟ್ಟಲಿಟ್ಟು, ಅಯಸ್ಕಾಂತವನ್ನು ತೇಲಿಸಿ ನೋಡಿ. ಸಾರಜನಕ ಆವಿಯಾಗುತ್ತಿರುವುದರಿಂದ ಅಂಕಿ ಸತತವಾಗಿ ಇಳಿಯುತ್ತಿರುತ್ತದೆ, ಆದರೆ ಅಯಸ್ಕಾಂತ ತೇಲತೊಡಗಿದ ಕ್ಷಣದಲ್ಲಿ ಅದರ ಪೂರ್ತಿ ತೂಕದಷ್ಟು ಮೇಲಕ್ಕೆ ಜಿಗಿಯುತ್ತದೆ. ಬಿಲ್ಲೆ ಅಯಸ್ಕಾಂತವನ್ನು ಮೇಲಕ್ಕೆ ತಳ್ಳುವಷ್ಟೇ ಅಯಸ್ಕಾಂತವೂ ಬಿಲ್ಲೆಯನ್ನು ಕೆಳಕ್ಕೆ ಒತ್ತುತ್ತಿದೆ. ಇನ್ನೊಂದು, ಹಿಂದಿನ ಕಾಲದಲ್ಲಿ ಸುತ್ತಲೂ ಅಯಸ್ಕಾಂತದ ಕಲ್ಲುಗಳನ್ನಿಟ್ಟು ಕಬ್ಬಿಣದ ವಿಗ್ರಹವನ್ನು ಗಾಳಿಯಲ್ಲಿ ನಿಲ್ಲಿಸಿದ್ದರೆಂಬ ಕಥೆ. ಹಿರಿಯರು ಇದನ್ನು ಪ್ರೀತಿಯಿಂದ ಹೇಳುತ್ತಾರೆ, ಅವರ ಮಾತನ್ನು ಗೌರವದಿಂದ ಕೇಳಿಯೇ ಉತ್ತರಿಸಬೇಕು. ಸ್ಥಿರ ಅಯಸ್ಕಾಂತಗಳನ್ನು ಹೇಗೆ ಜೋಡಿಸಿದರೂ ಅವುಗಳ ಬಲದಿಂದಲೇ ಇನ್ನೊಂದು ಅಯಸ್ಕಾಂತವನ್ನೋ ಕಬ್ಬಿಣವನ್ನೋ ನಡುಗಾಳಿಯಲ್ಲಿ ನೆಲೆ ನಿಲ್ಲಿಸಲಾಗದು; 1842ರಲ್ಲಿ ಸ್ಯಾಮ್ಯುಯೆಲ್ ಅರ್ನ್‌ಶಾ ಮಂಡಿಸಿದ ಪ್ರಮೇಯದಿಂದ ಇದು ತಿಳಿಯುತ್ತದೆ. ಅತಿವಾಹಕಕ್ಕೆ ಈ ನಿಷೇಧ ತಾಕದಿರಲು ಕಾರಣ, ಅದರ ವಿದ್ಯುತ್ ಸ್ಥಿರವಾಗಿರದೆ ಅಯಸ್ಕಾಂತ ಅಲುಗಿದಂತೆಲ್ಲ ತನ್ನನ್ನು ಹೊಂದಿಸಿಕೊಳ್ಳುವುದು.

ಜಪಾನಿನ ತೇಲುವ ರೈಲಿನ ಬಗ್ಗೆಯೂ ಕೇಳುತ್ತಾರೆ. 2015ರ ಏಪ್ರಿಲ್‌ನಲ್ಲಿ ಗಂಟೆಗೆ 603 ಕಿ.ಮೀ. ವೇಗ ಮುಟ್ಟಿದ ಆ ರೈಲಿನಲ್ಲಿ ಅತಿವಾಹಕದ ಸುರುಳಿಗಳಿರುವುದು ನಿಜ, ಆದರೆ ಅವು ಬಲವಾದ ಕ್ಷೇತ್ರವನ್ನು ಮಾತ್ರ ಕೊಡುತ್ತವೆ. ಎತ್ತುವ ಬಲ ಬರುವುದು ದಾರಿಯ ಗೋಡೆಗಳಲ್ಲಿನ ಸಾಧಾರಣ ಸುರುಳಿಗಳಲ್ಲಿ ಪ್ರೇರಿತವಾಗುವ ವಿದ್ಯುತ್ತಿನಿಂದ. ಆದ್ದರಿಂದಲೇ ಅದು ನಿಧಾನವಾಗಿ ಓಡುವಾಗ ಚಕ್ರಗಳ ಮೇಲಿರುತ್ತದೆ. ಅದು ನಮ್ಮ ತಾಮ್ರದ ಕೊಳವೆಗೆ ಹತ್ತಿರದ ಬಂಧು.

ಹವೆಯ ಬಗ್ಗೆ ಒಂದು ಮಾತು. ವಿಜಯಪುರ, ಬಾಗಲಕೋಟೆಗಳ ಬೇಸಿಗೆಯಲ್ಲಿ ದ್ರವ ಬೇಗ ಆವಿಯಾಗುತ್ತದೆ, ಆದ್ದರಿಂದ ಬೆಳಗಿನ ಹೊತ್ತಿನಲ್ಲಿ ಪ್ರದರ್ಶನ ಇಟ್ಟುಕೊಳ್ಳಿ; ಒಣ ಗಾಳಿ ಮಾತ್ರ ನಮಗೆ ಅನುಕೂಲ. ಬೆಳಗಾವಿಯ ಮಳೆಗಾಲದಲ್ಲಿ ಗಾಳಿಯ ತೇವವೆಲ್ಲ ಬಿಲ್ಲೆಯ ಮೇಲೆ ಬಿಳಿಯ ಹಿಮವಾಗಿ ಕೂರುತ್ತದೆ, ಅಯಸ್ಕಾಂತ ಅದಕ್ಕೆ ಅಂಟಿಕೊಂಡು ಪ್ರಯೋಗ ಕೆಡುತ್ತದೆ. ಅಲ್ಲಿ ಬಿಲ್ಲೆಯ ಮೇಲೆ ತೆಳ್ಳಗೆ ದ್ರವ ನಿಂತಿರುವಂತೆ ನೋಡಿಕೊಂಡು, ಪ್ರತಿ ಪ್ರಯೋಗವನ್ನೂ ಚುಟುಕಾಗಿ ಮುಗಿಸಬೇಕು.

ಕೊನೆಗೆ ದ್ರವ ಸುರಿಯುವುದನ್ನು ನಿಲ್ಲಿಸಿ, ಬಿಲ್ಲೆ ತಾನಾಗಿ ಬೆಚ್ಚಗಾಗುವುದನ್ನು ಎಲ್ಲರೂ ನೋಡಲಿ. ಅಯಸ್ಕಾಂತ ಒಮ್ಮೆಲೇ ಬೀಳುವುದಿಲ್ಲ. ತಾಪ ಏರಿದಂತೆ ಎಳೆಗಳ ಹಿಡಿತ ಸಡಿಲಾಗಿ ಮೊದಲು ತಗ್ಗುತ್ತದೆ, ಕೊಂಚ ವಾಲುತ್ತದೆ, ಬಿಲ್ಲೆ 92 ಕೆಲ್ವಿನ್ ಸಮೀಪಿಸಿದಾಗ ಮೆಲ್ಲಗೆ ಕುಳಿತುಬಿಡುತ್ತದೆ. ಆ ಬಳಿಕ ಬಿಲ್ಲೆಯನ್ನು ಹಾಗೆಯೇ ಬಿಟ್ಟು ಹೋಗಬಾರದು, ಏಕೆಂದರೆ ನೀರು ಈ ಸಂಯುಕ್ತವನ್ನು ಕ್ರಮೇಣ ಒಡೆಯುತ್ತದೆ. ಮೇಲಿನ ಹಿಮ ಕರಗಿದ ಕೂಡಲೇ ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ, ಕೂದಲು ಒಣಗಿಸುವ ಯಂತ್ರದ ಬೆಚ್ಚಗಿನ ಗಾಳಿಯಲ್ಲಿ ಎರಡೂ ಮಗ್ಗುಲು ಒಣಗಿಸಿ, ಸಿಲಿಕಾ ಜೆಲ್‌ನ ಪೊಟ್ಟಣದೊಡನೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಬಿಲ್ಲೆಯಲ್ಲಿ ಬೇರಿಯಂ ಇರುವುದರಿಂದ ಅದನ್ನು ಮುಟ್ಟಿದ ಕೈಯನ್ನು ತೊಳೆಯದೆ ಯಾರೂ ಊಟಕ್ಕೆ ಕೂರಬಾರದು.